ಬಿಪಿ ಗುಳಿಗೆ ಮನೆಗೆ ಬಂತು, ಮುಂದೆ?

“ಈಗ ಆರಾಮ ಅದೀನ್ರೀ, ಗುಳಿಗಿ ಯಾಕ ಬೇಕು?” ರಾಯಚೂರಿನ ಯಾವ ದವಾಖಾನೆಯ ಬೆಂಚಿನ ಮೇಲೆ ಕುಳಿತರೂ ಈ ಮಾತು ಕಿವಿಗೆ ಬೀಳುತ್ತದೆ. ಬಿಪಿ ಜಾಸ್ತಿ ಇದ್ದರೂ ಬಹಳ ಜನರಿಗೆ ಏನೂ ಗೊತ್ತಾಗುವುದಿಲ್ಲ. ತಲೆನೋವಿಲ್ಲ, ಸುಸ್ತಿಲ್ಲ. ಗುಳಿಗೆ ಶುರು ಮಾಡಿದ ಮೇಲೆ ಅಂಕಿ ಇಳಿದರೆ, ಅದು ಇಳಿದಿರುವುದು ಗುಳಿಗೆಯಿಂದಲೇ ಅಲ್ವಾ? ಬಿಟ್ಟರೆ ಸದ್ದಿಲ್ಲದೆ ಮತ್ತೆ ಏರುತ್ತದೆ. ಲಕ್ವ ಹೊಡೆದಾಗಲೋ ಕಿಡ್ನಿ ಕೆಟ್ಟಾಗಲೋ ತಿಳಿಯುತ್ತದೆ. ಹಾಗಂತ ಕೊಟ್ಟದ್ದನ್ನೆಲ್ಲ ಕಣ್ಣುಮುಚ್ಚಿ ನುಂಗುವುದೂ ಬೇಡ. ತಾನು ನುಂಗುವ ಗುಳಿಗೆಯಲ್ಲಿ ಏನಿದೆ ಎಂಬುದು ಪ್ರತಿಯೊಬ್ಬರಿಗೂ ಗೊತ್ತಿರಲೇಬೇಕು.

ವೈದ್ಯರ ಮುಂದೆ ಮುಚ್ಚಿಡಬೇಡಿ

ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ದಮ್ಮು ಇದ್ದರೆ ಬಾಯಿಬಿಟ್ಟು ಹೇಳಿ. ಅಟೆನೊಲಾಲ್‌ನಂಥ ಗುಳಿಗೆಗಳು ದಮ್ಮು ಹೆಚ್ಚಿಸಬಹುದು. ಬಸುರಿಯಾಗಿದ್ದರೆ, ಅಥವಾ ಮಗು ಬೇಕು ಎಂದುಕೊಂಡಿದ್ದರೆ ಅದನ್ನೂ ಮೊದಲೇ ಹೇಳಬೇಕು. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಎನಾಲಾಪ್ರಿಲ್, ರಾಮಿಪ್ರಿಲ್ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತವೆ. ಗುಳಿಗೆ ನಡೆಯುತ್ತಿರುವಾಗಲೇ ಬಸುರಿ ಎಂದು ಗೊತ್ತಾದರೆ ಅಂದೇ ವೈದ್ಯರನ್ನು ಕಾಣಿ.

ಸ್ಟ್ರಿಪ್ ತಿರುವಿ ಓದಿ

ಸ್ಟ್ರಿಪ್ ಮೇಲೆ ಎರಡು ಹೆಸರಿರುತ್ತವೆ. ಒಂದು ಕಂಪನಿ ಇಟ್ಟದ್ದು, ಇನ್ನೊಂದು ಒಳಗಿನ ಔಷಧಿಯದ್ದು. ಎರಡನೆಯದು ನಿಮಗೆ ಬೇಕು, ಅದರ ಪಕ್ಕದ ಎಂಜಿ ಕೂಡ. ಕಂಪನಿ ಹೆಸರಿನ ಬಾಲದಲ್ಲಿ ‘ಎಎಂ’ ಎಂದಿದ್ದರೆ ಸಾಮಾನ್ಯವಾಗಿ ಅಮ್ಲೋಡಿಪಿನ್ ಸೇರಿದೆ ಎಂದರ್ಥ. ‘ಎಚ್’ ಇದ್ದರೆ ಹೈಡ್ರೋಕ್ಲೋರೋಥಯಾಜೈಡ್, ಅಂದರೆ ಮೂತ್ರ ಜಾಸ್ತಿ ಮಾಡಿಸುವ ಔಷಧಿ.

ಇಷ್ಟು ಯಾಕೆ ನೋಡಬೇಕು? ಮಾನ್ವಿ ಕಡೆಯ ಹಳ್ಳಿಯವರೊಬ್ಬರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಮ್ಲೋಡಿಪಿನ್ 5 ಎಂಜಿ ಕೊಟ್ಟಿದ್ದಾರೆ ಎಂದುಕೊಳ್ಳಿ. ಯಾವುದಕ್ಕೋ ರಾಯಚೂರಿಗೆ ಬಂದಾಗ ಇನ್ನೊಬ್ಬ ವೈದ್ಯರು ಟೆಲ್ಮಿಸಾರ್ಟಾನ್, ಅಮ್ಲೋಡಿಪಿನ್ ಎರಡೂ ಕೂಡಿದ ಗುಳಿಗೆ ಬರೆಯುತ್ತಾರೆ. ಬಣ್ಣ ಬೇರೆ, ಹೆಸರು ಬೇರೆ. ಮನೆಯಲ್ಲಿ ಎರಡೂ ನಡೆಯುತ್ತವೆ. ಅಮ್ಲೋಡಿಪಿನ್ ಇಮ್ಮಡಿಯಾಯಿತು. ಪಾದ ಊದುತ್ತವೆ, ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ. ಆ ಊತಕ್ಕೆ ಮತ್ತೊಂದು ಗುಳಿಗೆ! ಹಳೆಯ ಸ್ಟ್ರಿಪ್ ಕಿಸೆಯಲ್ಲಿದ್ದು, ಅದನ್ನು ತೆಗೆದು ತೋರಿಸಿದ್ದರೆ ಇದು ಆಗುತ್ತಿರಲಿಲ್ಲ. ಇಂಗ್ಲಿಷ್ ಓದಲು ಬಾರದಿದ್ದರೆ ಮೆಡಿಕಲ್ ಅಂಗಡಿಯವರಿಂದ ಔಷಧಿಯ ಹೆಸರು, ಎಂಜಿ, ಹೊತ್ತು ಮೂರನ್ನೂ ಕನ್ನಡದಲ್ಲಿ ಬರೆಸಿಕೊಳ್ಳಿ. ಕೇಳಲು ಸಂಕೋಚ ಬೇಡ.

ಹೊತ್ತು ಕಟ್ಟಿಕೊಳ್ಳಿ

ಬೆಳಿಗ್ಗೆಯೋ ರಾತ್ರಿಯೋ? ಬ್ರಿಟನ್ನಿನಲ್ಲಿ 21 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೃದಯಾಘಾತ ಮತ್ತು ಲಕ್ವ ತಡೆಯುವ ವಿಷಯದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ವೈದ್ಯರು ಇಂಥದೇ ಹೊತ್ತು ಎಂದು ಹೇಳಿಲ್ಲದಿದ್ದರೆ, ನಿಮಗೆ ಮರೆಯದ ಹೊತ್ತೇ ಒಳ್ಳೆಯ ಹೊತ್ತು. ಮೂತ್ರ ಜಾಸ್ತಿ ಮಾಡಿಸುವ ಗುಳಿಗೆ ಮಾತ್ರ ಬೆಳಿಗ್ಗೆ ಇರಲಿ, ಇಲ್ಲದಿದ್ದರೆ ನಿದ್ದೆಗೆಡಬೇಕಾಗುತ್ತದೆ.

ಮರೆತರೆ ನೆನಪಾದ ಕೂಡಲೇ ನುಂಗಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಎರಡು ಒಟ್ಟಿಗೆ ಬೇಡವೇ ಬೇಡ. ಉಪವಾಸ, ರೋಜಾ ಇದ್ದರೆ ಶುರುವಾಗುವ ಮೊದಲೇ ವೈದ್ಯರನ್ನು ಕೇಳಿ ಹೊತ್ತು ಬದಲಿಸಿಕೊಳ್ಳಿ. ಅಟೆನೊಲಾಲ್, ಮೆಟೊಪ್ರೊಲಾಲ್, ಕ್ಲೋನಿಡಿನ್ ಇವನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯ.

ನೋವಿನ ಗುಳಿಗೆ ಕೇಳುವ ಮುನ್ನ

ನನಗೆ ಹೆಚ್ಚು ಚಿಂತೆ ಇರುವುದು ಇದರ ಬಗ್ಗೆ. ಸಿಂಧನೂರು ಕಡೆ ಭತ್ತದ ನಾಟಿ, ಇಲ್ಲಿ ಹತ್ತಿ ಬಿಡಿಸುವುದು. ದಿನವಿಡೀ ಬಗ್ಗಿದ ಸೊಂಟಕ್ಕೆ, ಮೊಣಕಾಲಿಗೆ ಸಂಜೆ ಒಂದು ಗುಳಿಗೆ ಬೇಕೆನಿಸುತ್ತದೆ. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್ ಬಿಪಿ ಏರಿಸುತ್ತವೆ. ಟೆಲ್ಮಿಸಾರ್ಟಾನ್ ಮತ್ತು ಮೂತ್ರದ ಗುಳಿಗೆಯ ಜೊತೆ ಇವೂ ಸೇರಿದರೆ ಕಿಡ್ನಿಗೆ ದೊಡ್ಡ ಪೆಟ್ಟು. ನೋವಿನ ಇಂಜೆಕ್ಷನ್‌ಗೂ ಇದೇ ಮಾತು. “ನನಗೆ ಬಿಪಿ ಅದ, ಈ ಗುಳಿಗಿ ತಗೋತೀನಿ” ಎಂದು ಸ್ಟ್ರಿಪ್ ತೋರಿಸಿ ಕೇಳಿ. ಬಹಳ ಸಲ ಸರಿಯಾದ ಪ್ರಮಾಣದ ಪ್ಯಾರಾಸಿಟಮಾಲ್‌ನಲ್ಲೇ ಕೆಲಸ ಆಗುತ್ತದೆ. ಮೂಗು ಕಟ್ಟಿದ್ದಕ್ಕೆ ಕೊಡುವ ಶೀತದ ಗುಳಿಗೆಗಳಲ್ಲೂ ಬಿಪಿ ಏರಿಸುವ ಔಷಧಿ ಇರಬಹುದು.

ನಮ್ಮ ಬಿಸಿಲಿನಲ್ಲಿ

ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ಬೆವರಿನಲ್ಲಿ ನೀರು ಹೋಗುತ್ತದೆ, ಮೂತ್ರದ ಗುಳಿಗೆಯಿಂದ ಮತ್ತಷ್ಟು ಹೋಗುತ್ತದೆ. ತಲೆ ಸುತ್ತಿದರೆ ಕೂತುಬಿಡಿ, ಏಳುವಾಗ ನಿಧಾನವಾಗಿ ಏಳಿ. ಉಪ್ಪು ಹಾಕದ ಮಜ್ಜಿಗೆ, ನೀರು ಕುಡಿಯುತ್ತಿರಿ. ಹೃದಯ ಅಥವಾ ಕಿಡ್ನಿ ತೊಂದರೆಗೆ ನೀರಿನ ಅಳತೆ ಹೇಳಿದ್ದರೆ ಅದನ್ನು ಮೀರಬೇಡಿ. ವಾಂತಿ ಭೇದಿ ಶುರುವಾದರೆ ಅದೇ ದಿನ ವೈದ್ಯರಿಗೆ ತಿಳಿಸಿ. ಕೆಲವು ಗುಳಿಗೆಗಳನ್ನು ಅವರು ಒಂದೆರಡು ದಿನ ನಿಲ್ಲಿಸಿ ಮತ್ತೆ ಶುರು ಮಾಡಿಸಬಹುದು.

ಗುಳಿಗೆಗೂ ಬಿಸಿಲು ಆಗದು. ತಗಡಿನ ಮನೆಯಾದರೆ ಅತಿ ತಂಪಿರುವ ಮೂಲೆ ಹುಡುಕಿ. ಒಲೆಯ ಪಕ್ಕ, ಬೈಕಿನ ಡಿಕ್ಕಿ ಬೇಡ.

ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚ ತುಂಬುವುದಕ್ಕೂ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ, ಹಪ್ಪಳ, ಮಿರ್ಚಿ ಎಲ್ಲ ಈ ಲೆಕ್ಕದಲ್ಲೇ ಬರುತ್ತವೆ. ‘ಲೋ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಟೆಲ್ಮಿಸಾರ್ಟಾನ್, ರಾಮಿಪ್ರಿಲ್‌ನಂಥವು ನಡೆಯುತ್ತಿದ್ದರೆ ಅಥವಾ ಕಿಡ್ನಿ ತೊಂದರೆ ಇದ್ದರೆ ಕೇಳದೆ ಬಳಸಬೇಡಿ.

ಅಳತೆ ಮತ್ತು ಅಪಾಯ

ಬಿಪಿ ನೋಡಿಸುವ ಅರ್ಧ ಗಂಟೆ ಮೊದಲು ಚಹಾ, ಬೀಡಿ, ತಂಬಾಕು ಬೇಡ. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಕೊಟ್ಟು 5 ನಿಮಿಷ ಸುಮ್ನೆ ಕೂರಿ. ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ, ಬರೆದಿಡಿ. ಮನೆಯ ಅಳತೆ ಮೇಲಿಂದ ಮೇಲೆ 135/85 ದಾಟುತ್ತಿದ್ದರೆ ವೈದ್ಯರಿಗೆ ತೋರಿಸಿ, ನೀವೇ ಗುಳಿಗೆ ಹೆಚ್ಚಿಸಬೇಡಿ. ಎನಾಲಾಪ್ರಿಲ್, ರಾಮಿಪ್ರಿಲ್‌ನಿಂದ ಒಣಕೆಮ್ಮು ಬರಬಹುದು. ಹೇಳಿದರೆ ಬೇರೆ ಗುಳಿಗೆ ಕೊಡುತ್ತಾರೆ. ತುಟಿ, ನಾಲಿಗೆ, ಮುಖ ಊದಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕಡೆಯ ಕೈಕಾಲು ಸೋತರೆ, ಎದೆನೋವು, ಉಸಿರಾಟದ ತೊಂದರೆ ಬಂದರೆ ಬಿಪಿ ಎಷ್ಟೇ ಇರಲಿ, 108ಕ್ಕೆ ಕರೆ ಮಾಡಿ.

ಗುಳೆ ಹೋಗುವಾಗ

ಬೆಂಗಳೂರಿಗೆ ದುಡಿಯಲು ಹೊರಡುವ ಮನೆಗಳಲ್ಲಿ ಜೋಳ, ಪಾತ್ರೆ ಎಲ್ಲ ಗಂಟು ಕಟ್ಟುತ್ತಾರೆ, ಗುಳಿಗೆ ಮಾತ್ರ ಊರಲ್ಲೇ ಉಳಿಯುತ್ತದೆ. ಹೊರಡುವ ಒಂದು ವಾರ ಮುಂಚೆ ಆರೋಗ್ಯ ಕೇಂದ್ರಕ್ಕೆ ಹೋಗಿ, ಇಷ್ಟು ತಿಂಗಳು ಊರಲ್ಲಿರುವುದಿಲ್ಲ ಎಂದು ಹೇಳಿ ಆದಷ್ಟು ಜಾಸ್ತಿ ಗುಳಿಗೆ ಕೇಳಿ. ಚೀಟಿಯ ಫೋಟೊ ಮೊಬೈಲ್‌ನಲ್ಲಿರಲಿ. ಮುಗಿಯುತ್ತಾ ಬಂದಾಗ ಅಲ್ಲಿನ ಸರ್ಕಾರಿ ‘ನಮ್ಮ ಕ್ಲಿನಿಕ್’ಗೆ ಹೋಗಿ ಆ ಚೀಟಿ, ಹಳೆಯ ಸ್ಟ್ರಿಪ್ ಎರಡನ್ನೂ ತೋರಿಸಿ; ತಪಾಸಣೆಗೂ ಔಷಧಿಗೂ ದುಡ್ಡಿಲ್ಲ.