ಅಪ್‌ಡೇಟ್ ಅರ್ಧಕ್ಕೆ ನಿಂತಿದೆಯೇ? ಮೊದಲು ಪ್ಲಗ್‌ನಿಂದ ಕೈ ತೆಗೆಯಿರಿ

ಮನೆಯ ಸಿಸಿಟಿವಿ ಕ್ಯಾಮೆರಾದ ಮೊಬೈಲ್ ಆ್ಯಪ್‌ನಲ್ಲಿ ‘ಹೊಸ ಫರ್ಮ್‌ವೇರ್ ಬಂದಿದೆ’ ಎಂದು ಕಂಡಿತು. ನೀವು ‘ಅಪ್‌ಡೇಟ್’ ಒತ್ತಿದಿರಿ. 10, 40, 80 ಎಂದು ಸರಸರ ಏರಿದ ಅಂಕಿ 92ಕ್ಕೆ ಬಂದು ನಿಂತುಬಿಟ್ಟಿತು. ಐದು ನಿಮಿಷವಾದರೂ ಮಿಸುಕಾಡುತ್ತಿಲ್ಲ. ಲೈವ್ ವಿಡಿಯೊ ಬರುತ್ತಿಲ್ಲ, ಕ್ಯಾಮೆರಾದ ಕೆಂಪು ದೀಪ ಒಂದೇ ಸಮ ಮಿನುಗುತ್ತಿದೆ. ಆಗ ಕೈ ತಾನಾಗಿಯೇ ಪ್ಲಗ್ ಕಡೆ ಹೋಗುತ್ತದೆ, ಅಲ್ವಾ? ಟಿವಿ ಸಿಕ್ಕಿಕೊಂಡರೆ ಆಫ್ ಮಾಡಿ ಆನ್ ಮಾಡುತ್ತೇವೆ. ರೂಟರ್‌ಗೂ ಅದೇ ಮದ್ದು. ಆದರೆ ಈ ಹೊತ್ತಿನಲ್ಲಿ ಮಾತ್ರ ಆ ಮದ್ದು ಕ್ಯಾಮೆರಾದ ಜೀವ ತೆಗೆಯಬಹುದು.

ಯಾಕೆ ಅಂತ ತಿಳಿದರೆ ಮುಂದಿನದೆಲ್ಲ ಸುಲಭ. ಫರ್ಮ್‌ವೇರ್ ಅಂದರೆ ಕ್ಯಾಮೆರಾದೊಳಗಿನ ಪುಟ್ಟ ಫ್ಲ್ಯಾಶ್ ಚಿಪ್‌ನಲ್ಲಿ ಕೂತಿರುವ ಸಾಫ್ಟ್‌ವೇರ್. ಅಪ್‌ಡೇಟ್ ಮೂರು ಹಂತದಲ್ಲಿ ನಡೆಯುತ್ತದೆ. ಕ್ಯಾಮೆರಾ ಮೊದಲು ಫೈಲ್ ಇಳಿಸಿಕೊಳ್ಳುತ್ತದೆ, ಆಮೇಲೆ ಅದು ಸರಿಯಿದೆಯೇ ಎಂದು ನೋಡುತ್ತದೆ, ಕೊನೆಗೆ ಚಿಪ್‌ಗೆ ಬರೆಯುತ್ತದೆ. ಮೊದಲ ಎರಡು ಹಂತದಲ್ಲಿ ಕರೆಂಟ್ ಹೋದರೂ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಹಳೆಯದು ಹಾಗೇ ಉಳಿಯುತ್ತದೆ. ಅಪಾಯ ಇರುವುದು ಮೂರನೆಯದರಲ್ಲಿ. ಫ್ಲ್ಯಾಶ್ ಚಿಪ್‌ನಲ್ಲಿ ಹಳೆಯದರ ಮೇಲೆ ನೇರವಾಗಿ ಬರೆಯಲು ಬರುವುದಿಲ್ಲ. ಒಂದು ತುಂಡು ಅಳಿಸಬೇಕು, ಅಲ್ಲಿ ಹೊಸದು ಬರೆಯಬೇಕು, ಮುಂದಿನ ತುಂಡಿಗೆ ಹೋಗಬೇಕು. ಒಂದೊಂದು ತುಂಡು 64 ಕೆಬಿ ಅಂತಿಟ್ಟುಕೊಂಡರೆ 16 ಎಂಬಿ ಚಿಪ್‌ನಲ್ಲಿ ಅಂಥವು 256 ಇರುತ್ತವೆ. ನೂರನೆಯದನ್ನು ಅಳಿಸಿದ ಗಳಿಗೆಗೆ ನೀವು ಪ್ಲಗ್ ಕಿತ್ತರೆ ಚಿಪ್‌ನಲ್ಲಿ ಅರ್ಧ ಹೊಸದು, ಅರ್ಧ ಹಳೆಯದು, ನಡುವೆ ಖಾಲಿ. ಕೆಲವು ಕ್ಯಾಮೆರಾಗಳಲ್ಲಿ ಎರಡು ಪ್ರತಿ ಇಡಲು ಜಾಗವಿರುತ್ತದೆ. ಹೊಸದು ಕೆಟ್ಟರೆ ಅವು ಹಳೆಯದಕ್ಕೆ ವಾಪಸ್ ಬರುತ್ತವೆ. ಅಗ್ಗದ ಬಹಳಷ್ಟು ಕ್ಯಾಮೆರಾಗಳಲ್ಲಿ ಆ ಜಾಗ ಇರುವುದಿಲ್ಲ.

ಹಾಗಾಗಿ ಮೊದಲ ಕೆಲಸ: ಗಡಿಯಾರ ನೋಡಿ, 20 ನಿಮಿಷ ಏನೂ ಮಾಡಬೇಡಿ. ದೀಪ ಮಿನುಗಲಿ, ಕ್ಯಾಮೆರಾ ಎರಡು ಸಲ ತಾನಾಗಿಯೇ ಆಫ್ ಆಗಿ ಆನ್ ಆಗಲಿ, ಕಟಕಟ ಸದ್ದು ಬರಲಿ. ಬಿಟ್ಟುಬಿಡಿ.

ನಿಜಕ್ಕೂ ಕೆಟ್ಟಿದೆಯೇ?

ಆ್ಯಪ್ ತೋರಿಸುವ ಶೇಕಡಾವಾರು ಅಂಕಿಯನ್ನು ಪೂರ್ತಿ ನಂಬಬೇಡಿ. ಬರೆಯುವ ಕೆಲಸ ಮುಗಿದ ಮೇಲೆ ಕ್ಯಾಮೆರಾ ರೀಸ್ಟಾರ್ಟ್ ಆಗುತ್ತದೆ. ಆಗ ಆ್ಯಪ್‌ನ ಸಂಪರ್ಕ ಕಡಿದುಹೋಗುತ್ತದೆ. ಎಷ್ಟೋ ಆ್ಯಪ್‌ಗಳು ಅದನ್ನೇ ‘ಅಪ್‌ಡೇಟ್ ವಿಫಲ’ ಎಂದು ಹೇಳಿಬಿಡುತ್ತವೆ. ಆ್ಯಪ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಸೆಟ್ಟಿಂಗ್ಸ್‌ನಲ್ಲಿ ‘ಡಿವೈಸ್ ಇನ್ಫೊ’ ಎಂಬಲ್ಲಿ ವರ್ಷನ್ ನಂಬರ್ ನೋಡಿ. ಹೊಸ ನಂಬರ್ ಇದ್ದರೆ ಕೆಲಸ ಆಗಿದೆ, ಸುಮ್ನೆ ಗಾಬರಿಯಾದಿರಿ ಅಷ್ಟೇ.

ಆ್ಯಪ್‌ನಲ್ಲಿ ಕ್ಯಾಮೆರಾ ಕಾಣದಿದ್ದರೆ ಬ್ರೌಸರ್‌ನಲ್ಲಿ ರೂಟರ್‌ನ ಸೆಟ್ಟಿಂಗ್ಸ್ ಪುಟ ತೆರೆದು, ಈಗ ಯಾವ್ಯಾವ ಸಾಧನಗಳು ಸೇರಿಕೊಂಡಿವೆ ಎಂಬ ಪಟ್ಟಿ ನೋಡಿ. ಅಲ್ಲಿ ಕ್ಯಾಮೆರಾ ಇದೆ ಎಂದರೆ ಅದು ಬದುಕಿದೆ. ತೊಂದರೆ ಆ್ಯಪ್‌ನಲ್ಲಿ ಇರಬಹುದು. ಆ್ಯಪ್ ಕೂಡ ಹಳೆಯದಾಗಿದ್ದರೆ ಅಪ್‌ಡೇಟ್ ಮಾಡಿ, ಮೊಬೈಲ್‌ನಲ್ಲಿ ವಿಪಿಎನ್ ಇದ್ದರೆ ಆಫ್ ಮಾಡಿ, ಮತ್ತೆ ಲಾಗಿನ್ ಆಗಿ.

ಕ್ಯಾಮೆರಾ ಹಳೆಯ ವರ್ಷನ್‌ನಲ್ಲೇ ಚೆನ್ನಾಗಿ ನಡೆಯುತ್ತಿದೆಯೇ? ಹಾಗಾದರೆ ಒಳ್ಳೆಯ ಸುದ್ದಿ. ಅದು ಬರೆಯುವ ಹಂತಕ್ಕೆ ಹೋಗೇ ಇಲ್ಲ, ಅಥವಾ ಹೋಗಿ ಸುರಕ್ಷಿತವಾಗಿ ಹಿಂದೆ ಬಂದಿದೆ. ಇನ್ನು ಕಾರಣ ಹುಡುಕಬೇಕು.

ಕರೆಂಟ್ ಕಡೆಯಿಂದ ಶುರು ಮಾಡಿ

ಎಲ್ಲರೂ ಮೊದಲು ವೈಫೈ ಮೇಲೆ ತಪ್ಪು ಹೊರಿಸುತ್ತಾರೆ. ನನಗೆ ಮೊದಲು ಅನುಮಾನ ಬರುವುದು ವಯರ್ ಮೇಲೆ. ನಮ್ಮ ಮನೆ ಗೇಟಿನ ಕ್ಯಾಮೆರಾವೇ ಇದನ್ನು ಕಲಿಸಿತು. ಮೂರು ರಾತ್ರಿ ಸತತವಾಗಿ ಅಪ್‌ಡೇಟ್ ಕೈಕೊಟ್ಟಿತು. ಪ್ರತಿಸಲವೂ ಕ್ಯಾಮೆರಾ ಮಧ್ಯೆ ಆಫ್ ಆಗಿ ಹಳೆಯ ವರ್ಷನ್‌ಗೇ ಮರಳುತ್ತಿತ್ತು. ನಾಲ್ಕನೆಯ ಸಲ ಬೆಳಿಗ್ಗೆ ಹತ್ತು ಗಂಟೆಗೆ ಒತ್ತಿದೆ, ಒಂದೇ ಏಟಿಗೆ ಆಗಿಹೋಯಿತು. ಬೆಳಕಿಗೂ ಅಪ್‌ಡೇಟ್‌ಗೂ ಏನು ಸಂಬಂಧ ಎಂದು ತಲೆ ಕೆರೆದುಕೊಂಡೆ.

ಸಂಬಂಧ ಇತ್ತು. ಕತ್ತಲಾದ ಮೇಲೆ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಳ್ಳುತ್ತವೆ. ಆಗ ಅದು ಹಗಲಿಗಿಂತ ಜಾಸ್ತಿ ಕರೆಂಟ್ ಎಳೆಯುತ್ತದೆ. ನಾನು ಗೇಟಿನವರೆಗೆ ಎಳೆದಿದ್ದು ಐದು ಮೀಟರ್ ಉದ್ದದ ತೆಳ್ಳನೆ ಯುಎಸ್‌ಬಿ ಕೇಬಲ್. ಅಂಥ ಕೇಬಲ್‌ಗಳ ಒಳಗೆ 28 ಗೇಜ್ ತಂತಿ ಇರುವುದುಂಟು. ಅದರ ರೆಸಿಸ್ಟೆನ್ಸ್ ಮೀಟರ್‌ಗೆ ಸುಮಾರು 0.21 ಓಮ್. ಹೋಗುವ ತಂತಿ ಐದು ಮೀಟರ್, ಬರುವ ತಂತಿ ಐದು ಮೀಟರ್, ಒಟ್ಟು ಎರಡು ಓಮ್‌ಗೂ ಸ್ವಲ್ಪ ಹೆಚ್ಚು. ಅರ್ಧ ಆಂಪಿಯರ್ ಹರಿದರೂ ದಾರಿಯಲ್ಲೇ ಒಂದು ವೋಲ್ಟ್ ಕಳೆದುಹೋಗುತ್ತದೆ. ಅಡಾಪ್ಟರ್ ಐದು ವೋಲ್ಟ್ ಕೊಟ್ಟರೆ ಕ್ಯಾಮೆರಾಕ್ಕೆ ಸಿಗುವುದು ನಾಲ್ಕು. ನೋಡಲು ಎಲ್ಲ ಸರಿಯಾಗಿಯೇ ಇರುತ್ತದೆ, ಚಿತ್ರವೂ ಬರುತ್ತದೆ. ಹೆಚ್ಚು ಕೆಲಸ ಬಿದ್ದಾಗ ಮಾತ್ರ ಕುಸಿಯುತ್ತದೆ.

ಅದಕ್ಕೇ ಅಪ್‌ಡೇಟ್ ಹಗಲಲ್ಲೇ ಮಾಡಿ. ಸಾಧ್ಯವಾದರೆ ಕ್ಯಾಮೆರಾ ಕೆಳಗಿಳಿಸಿ, ಅದರ ಜೊತೆ ಬಂದ ಅಡಾಪ್ಟರ್‌ಗೆ ಗಿಡ್ಡ ಕೇಬಲ್ ಹಾಕಿ ಕೂರಿಸಿ. ಮೊಬೈಲ್‌ನ ಹಳೆ ಚಾರ್ಜರ್, ಟಿವಿಯ ಯುಎಸ್‌ಬಿ ಪೋರ್ಟ್ ಬೇಡ. 12 ವೋಲ್ಟ್ ಕ್ಯಾಮೆರಾಗಳಾದರೆ ಒಂದೇ ಅಡಾಪ್ಟರ್‌ನಿಂದ ನಾಲ್ಕಕ್ಕೆ ಹಂಚಿದ್ದೀರಾ ನೋಡಿ. ಉಳಿದ ಮೂರನ್ನು ಆಗ ಕಳಚಿಡಿ. ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಪಡೆಯುವ ಪಿಒಇ ಕ್ಯಾಮೆರಾಗಳಿಗೆ ಮಾಮೂಲಿ ಪೋರ್ಟ್ 15.4 ವಾಟ್ ಕೊಡುತ್ತದೆ, ಕ್ಯಾಮೆರಾ ತುದಿಗೆ ಖಾತ್ರಿಯಾಗಿ ಸಿಗುವುದು 12.95. ಅಲ್ಲಿ ತೊಂದರೆ ಬಂದರೆ ಕೇಬಲ್ ತುದಿಯ ಕನೆಕ್ಟರ್ ಸಡಿಲವಾಗಿದೆಯೇ ಎಂದು ಮೊದಲು ನೋಡಿ. ಬ್ಯಾಟರಿ ಕ್ಯಾಮೆರಾಗಳನ್ನು ಅರ್ಧಕ್ಕಿಂತ ಹೆಚ್ಚು ಚಾರ್ಜ್ ಮಾಡಿಕೊಳ್ಳಿ. ಚಾರ್ಜ್ ಕಡಿಮೆ ಇದ್ದರೆ ಹಲವು ಮಾಡೆಲ್‌ಗಳು ಅಪ್‌ಡೇಟನ್ನೇ ಒಪ್ಪುವುದಿಲ್ಲ. ಕರೆಂಟ್ ಹೋಗುವ ಭಯವಿದ್ದರೆ ಕ್ಯಾಮೆರಾವನ್ನೂ ರೂಟರನ್ನೂ ಯುಪಿಎಸ್‌ಗೆ ಹಾಕಿ.

ಇನ್ನು ವೈಫೈ. ಕ್ಯಾಮೆರಾ ಕೆಳಗಿಳಿಸಿದ್ದೀರಲ್ಲ, ಹಾಗೇ ರೂಟರ್ ಪಕ್ಕಕ್ಕೆ ತನ್ನಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಮನೆಯ ಕ್ಯಾಮೆರಾಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈನಲ್ಲಿ ಮಾತ್ರ ಕೆಲಸ ಮಾಡುತ್ತವೆ, ಅದಕ್ಕೇ ಸೇರಿಸಿ. ಕ್ಯಾಮೆರಾಕ್ಕೆ ಲ್ಯಾನ್ ಪೋರ್ಟ್ ಇದ್ದರೆ ವೈಫೈ ಗೊಡವೆಯೇ ಬೇಡ, ಕೇಬಲ್ ಚುಚ್ಚಿ. ಜಾಹೀರಾತು ತಡೆಯುವ ಫಿಲ್ಟರ್ ಅಥವಾ ಕಟ್ಟುನಿಟ್ಟಿನ ಫೈರ್‌ವಾಲ್ ರೂಟರ್‌ನಲ್ಲಿದ್ದರೆ ಅಪ್‌ಡೇಟ್ ಸರ್ವರನ್ನೇ ಅದು ತಡೆಯುತ್ತಿರಬಹುದು. ಸ್ವಲ್ಪ ಹೊತ್ತು ಮೊಬೈಲ್ ಹಾಟ್‌ಸ್ಪಾಟ್‌ಗೆ ಕ್ಯಾಮೆರಾ ಸೇರಿಸಿ ನೋಡಿದರೆ ತಿಳಿಯುತ್ತದೆ.

ಯಾರೂ ನೋಡದ ಎರಡು ಜಾಗ

ಲೈವ್ ವಿಡಿಯೊದ ಮೂಲೆಯಲ್ಲಿ ತಾರೀಕು ಇರುತ್ತದೆ. ಅದನ್ನೊಮ್ಮೆ ಓದಿ. 1970ರ ಜನವರಿ 1 ಎಂದೋ, ಇನ್ಯಾವುದೋ ಹಳೇ ವರ್ಷವೋ ಇದೆಯೇ? ಹಾಗಿದ್ದರೆ ಕಳ್ಳ ಸಿಕ್ಕಿರಬಹುದು. ಕ್ಯಾಮೆರಾ ಸರ್ವರ್ ಜೊತೆ ಮಾತಾಡುವ ಮೊದಲು ಸರ್ವರ್‌ನ ಭದ್ರತಾ ಸರ್ಟಿಫಿಕೇಟ್ ಪರೀಕ್ಷಿಸುತ್ತದೆ. ಸರ್ಟಿಫಿಕೇಟ್‌ಗೆ ಶುರುವಿನ ದಿನ, ಮುಗಿಯುವ ದಿನ ಎರಡೂ ಇರುತ್ತವೆ. 1970ರಲ್ಲಿದ್ದೇನೆ ಎಂದುಕೊಂಡ ಕ್ಯಾಮೆರಾಕ್ಕೆ ಆ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ. ಆದ್ದರಿಂದ ಬಾಗಿಲು ತೆರೆಯುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ಸಮಯಕ್ಕೆ ಹೊಂದಿಸಿ, ಟೈಮ್ ಝೋನ್ ಸರಿಮಾಡಿ, ಮತ್ತೆ ಪ್ರಯತ್ನಿಸಿ.

ಎರಡನೆಯದು ಮೆಮೊರಿ, ಅಂದರೆ ಕೆಲಸ ನಡೆಯುವಾಗ ಕ್ಯಾಮೆರಾ ಬಳಸುವ ತಾತ್ಕಾಲಿಕ ಜಾಗ. ಸಣ್ಣ ಕ್ಯಾಮೆರಾಗಳಲ್ಲಿ ರ್‍ಯಾಮ್ ಕಡಿಮೆ. ಫರ್ಮ್‌ವೇರ್ ಫೈಲನ್ನು ಹಲವು ಮಾಡೆಲ್‌ಗಳು ಮೊದಲು ಅಲ್ಲಿಯೇ ಇಳಿಸಿಕೊಳ್ಳುತ್ತವೆ. ಅದೇ ಹೊತ್ತಿಗೆ ಇಬ್ಬರು ಮೊಬೈಲ್‌ನಲ್ಲಿ ಲೈವ್ ನೋಡುತ್ತಿದ್ದರೆ, ರೆಕಾರ್ಡಿಂಗೂ ನಡೆಯುತ್ತಿದ್ದರೆ ಜಾಗ ಸಾಲುವುದಿಲ್ಲ. ಅಪ್‌ಡೇಟ್‌ಗೆ ಮುಂಚೆ ಮನೆಯವರಿಗೆ ಆ್ಯಪ್ ಮುಚ್ಚಲು ಹೇಳಿ. ಮೆಮೊರಿ ಕಾರ್ಡ್ ಹೊರಗೆ ತೆಗೆಯಿರಿ. ಕ್ಯಾಮೆರಾವನ್ನು ಒಮ್ಮೆ ರೀಸ್ಟಾರ್ಟ್ ಮಾಡಿ, ಎರಡು ನಿಮಿಷ ಬಿಟ್ಟು ಅಪ್‌ಡೇಟ್ ಒತ್ತಿ.

ಫೈಲ್ ನೀವೇ ಹಾಕುವುದಾದರೆ

ಆ್ಯಪ್‌ನಿಂದ ಆಗಲೇ ಇಲ್ಲವೆಂದರೆ ಕಂಪನಿಯ ಜಾಲತಾಣದಿಂದ ಫೈಲ್ ಇಳಿಸಿ, ಬ್ರೌಸರ್‌ನಲ್ಲಿ ಕ್ಯಾಮೆರಾದ ಪುಟ ತೆರೆದು ಹಾಕಬಹುದು. ಕಂಪನಿಯ ಜಾಲತಾಣ ಮಾತ್ರ. ಬೇರೆಲ್ಲೋ ಯಾರೋ ಇಟ್ಟ ಫೈಲ್ ಎಂದರೆ ಮನೆಯ ಕಣ್ಣನ್ನು ಗುರುತಿಲ್ಲದವರ ಕೈಗೆ ಕೊಟ್ಟಂತೆ.

ಇಲ್ಲಿ ತಪ್ಪುವುದು ಹೆಚ್ಚಾಗಿ ಹೆಸರಿನಲ್ಲಿ. ಡಬ್ಬದ ಮೇಲಿನ ಹೆಸರು ಸಾಲದು. ಕ್ಯಾಮೆರಾದ ತಳದ ಸ್ಟಿಕರ್ ಓದಿ. ಮಾಡೆಲ್ ಹೆಸರಿನ ಮುಂದೆ ವಿ1, ವಿ2 ಎಂದು ಹಾರ್ಡ್‌ವೇರ್ ವರ್ಷನ್ ಇರಬಹುದು. ಹೊರಗಿನಿಂದ ಅವಳಿ ಮಕ್ಕಳಂತಿದ್ದರೂ ಒಳಗೆ ಚಿಪ್ ಬೇರೆ ಇರುತ್ತದೆ, ಫೈಲೂ ಬೇರೆ. ಒಂದು ದೇಶಕ್ಕೆಂದು ಮಾಡಿದ್ದಕ್ಕೆ ಇನ್ನೊಂದು ದೇಶದ ಫೈಲ್ ಹಿಡಿಸದಿರುವುದೂ ಉಂಟು. ತುಂಬ ಹಳೆಯ ವರ್ಷನ್‌ನಿಂದ ಇತ್ತೀಚಿನದಕ್ಕೆ ಒಮ್ಮೆಲೇ ಹಾರಲು ಕೆಲವು ಬಿಡುವುದಿಲ್ಲ, ನಡುವಿನ ಮೆಟ್ಟಿಲು ಹತ್ತಿಯೇ ಹೋಗಬೇಕು. ಫೈಲ್ ಜೊತೆ ಇರುವ ಟಿಪ್ಪಣಿಯಲ್ಲಿ ಅದನ್ನು ಬರೆದಿರುತ್ತಾರೆ. ಇಳಿಸಿದ್ದು ಜಿಪ್ ಆಗಿದ್ದರೆ ಮೊದಲು ಬಿಚ್ಚಬೇಕು. ಜಿಪ್ ಅನ್ನೇ ಹಾಕಿ ‘ಫೈಲ್ ಸರಿಯಿಲ್ಲ’ ಎಂದು ಬೈಸಿಕೊಳ್ಳುವವರು ಬಹಳ ಜನ.

ಇಷ್ಟು ತಾಪತ್ರಯ ಯಾಕೆ, ಹಳೆಯದೇ ಇರಲಿ ಬಿಡಿ ಎನ್ನಿಸಬಹುದು. ಬಿಡಬೇಡಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶವು, ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ವಿಡಿಯೊ ರೆಕಾರ್ಡ್ ಮಾಡುವ ಡಿವಿಆರ್, ರೂಟರ್‌ಗಳಿಗೆ ನುಗ್ಗಿತು. ಅವುಗಳನ್ನೇ ಆಯುಧ ಮಾಡಿಕೊಂಡು ಅಕ್ಟೋಬರ್ 21ರಂದು, ಜಾಲತಾಣಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ದಾಳಿ ನಡೆಯಿತು. ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥವು ಗಂಟೆಗಟ್ಟಲೆ ಬಹಳ ಜನರಿಗೆ ಸಿಗಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಹಿಕ್‌ವಿಷನ್ ತನ್ನ ಹಲವು ಕ್ಯಾಮೆರಾಗಳಿಗೆ ಹೊಸ ಫರ್ಮ್‌ವೇರ್ ಕೊಟ್ಟಿತು. ಪಾಸ್‌ವರ್ಡ್ ಇಲ್ಲದೆಯೇ ಹೊರಗಿನವರು ಕ್ಯಾಮೆರಾ ವಶಪಡಿಸಿಕೊಳ್ಳಬಹುದಾದ ತೂತು ಅದರಲ್ಲಿ ಮುಚ್ಚಿತ್ತು. ಹಾಕಿಕೊಳ್ಳದವರ ಮನೆಯಲ್ಲಿ ತೂತು ಹಾಗೇ ಉಳಿಯಿತು.

ಉಸಿರೇ ಇಲ್ಲದ ಕ್ಯಾಮೆರಾ

20 ನಿಮಿಷ ಕಾದರೂ ರೂಟರ್ ಪಟ್ಟಿಯಲ್ಲಿಲ್ಲ, ದೀಪ ಒಂದೇ ಬಣ್ಣದಲ್ಲಿ ನಿಂತಿದೆ ಅಥವಾ ಪ್ರತಿ ಅರ್ಧ ನಿಮಿಷಕ್ಕೊಮ್ಮೆ ಕ್ಯಾಮೆರಾ ರೀಸ್ಟಾರ್ಟ್ ಆಗುತ್ತಿದೆ. ಆಗ ಪ್ಲಗ್ ತೆಗೆಯಬಹುದು. ಒಂದು ನಿಮಿಷ ಬಿಟ್ಟು, ಮೆಮೊರಿ ಕಾರ್ಡ್ ಇಲ್ಲದೆ, ಒಳ್ಳೆಯ ಅಡಾಪ್ಟರ್‌ನಿಂದ ಮತ್ತೆ ಹಚ್ಚಿ. ಎದ್ದು ಕೂರಬಹುದು.

ಎದ್ದೇಳದಿದ್ದರೂ ಆಸೆ ಬಿಡಬೇಡಿ. ಚಿಪ್‌ನ ಆರಂಭದಲ್ಲಿ, ಕರೆಂಟ್ ಕೊಟ್ಟೊಡನೆ ಕ್ಯಾಮೆರಾವನ್ನು ಎಬ್ಬಿಸುವ ಬೂಟ್‌ಲೋಡರ್ ಎಂಬ ಚಿಕ್ಕ ಭಾಗವಿದೆ. ಅಪ್‌ಡೇಟ್ ಸಾಮಾನ್ಯವಾಗಿ ಅದನ್ನು ಮುಟ್ಟುವುದಿಲ್ಲ. ಅದು ಚೆನ್ನಾಗಿದ್ದರೆ ಹೊಸ ಫೈಲ್ ಉಣಿಸಲು ದಾರಿ ಇರುತ್ತದೆ. ಕೆಲವು ಕ್ಯಾಮೆರಾಗಳಿಗೆ ಮೆಮೊರಿ ಕಾರ್ಡ್ ದಾರಿ: 32 ಜಿಬಿ ಅಥವಾ ಅದಕ್ಕಿಂತ ಚಿಕ್ಕ ಕಾರ್ಡನ್ನು ಫ್ಯಾಟ್32 ಎಂದು ಫಾರ್ಮ್ಯಾಟ್ ಮಾಡಿ, ಕಂಪನಿ ಹೇಳಿದ ಹೆಸರಿನಲ್ಲೇ ಫೈಲ್ ಹಾಕಿ, ಬಟನ್ ಒತ್ತಿಹಿಡಿದುಕೊಂಡು ಕರೆಂಟ್ ಕೊಡಬೇಕು. ಇನ್ನು ಕೆಲವಕ್ಕೆ ಲ್ಯಾನ್ ಕೇಬಲ್ ದಾರಿ. ಹಿಕ್‌ವಿಷನ್‌ನ ಹಲವು ಮಾಡೆಲ್‌ಗಳಲ್ಲಿ ಕಂಪ್ಯೂಟರ್‌ಗೆ 192.0.0.128 ಎಂಬ ವಿಳಾಸ ಕೊಟ್ಟು, ನೆಟ್‌ವರ್ಕ್‌ನಲ್ಲಿ ಫೈಲ್ ಕಳಿಸುವ ಟಿಎಫ್‌ಟಿಪಿ ಪ್ರೋಗ್ರಾಂ ಓಡಿಸಿ ಕ್ಯಾಮೆರಾ ಆನ್ ಮಾಡಿದರೆ ಅದು ತಾನೇ ಬಂದು ಫೈಲ್ ಎತ್ತಿಕೊಳ್ಳುತ್ತದೆ. ನಿಮ್ಮ ಮಾಡೆಲ್‌ಗೆ ಯಾವ ದಾರಿ, ಫೈಲ್‌ನ ಹೆಸರೇನು ಎಂಬುದನ್ನು ಕಂಪನಿಯ ಸಹಾಯ ಪುಟದಲ್ಲಿ ಅಕ್ಷರ ಅಕ್ಷರ ಓದಿಕೊಂಡು ಮಾಡಿ. ಹೆಸರಲ್ಲಿ ಒಂದಕ್ಷರ ತಪ್ಪಿದರೂ ಕ್ಯಾಮೆರಾ ಅದನ್ನು ಮೂಸಿಯೂ ನೋಡುವುದಿಲ್ಲ. ಕ್ಯಾಮೆರಾ ಇನ್ನೂ ವಾರಂಟಿಯಲ್ಲಿದ್ದರೆ ಈ ಸಾಹಸಕ್ಕೆ ಮುಂಚೆ ಸರ್ವೀಸ್ ಸೆಂಟರ್‌ಗೆ ಫೋನ್ ಮಾಡುವುದೇ ಮೇಲು.

ರಿಸೆಟ್ ಬಟನ್ ಬಗ್ಗೆ ಇಷ್ಟು ಹೊತ್ತು ಏಕೆ ಹೇಳಲಿಲ್ಲ ಎಂದು ಕೇಳಬಹುದು. ಜನ ಮೊದಲು ಒತ್ತುವುದೇ ಅದನ್ನು. ಆದರೆ ರಿಸೆಟ್ ಅಳಿಸುವುದು ನಿಮ್ಮ ಸೆಟ್ಟಿಂಗ್ಸ್, ವೈಫೈ, ಪಾಸ್‌ವರ್ಡ್‌ಗಳನ್ನು. ಬಹುತೇಕ ಕ್ಯಾಮೆರಾಗಳಲ್ಲಿ ಅದು ಹಳೆಯ ಫರ್ಮ್‌ವೇರನ್ನು ವಾಪಸ್ ತರುವುದಿಲ್ಲ, ಕೆಟ್ಟಿದ್ದನ್ನು ರಿಪೇರಿ ಮಾಡುವುದೂ ಇಲ್ಲ. ಅಪ್‌ಡೇಟ್ ಆದ ಮೇಲೆ ಕ್ಯಾಮೆರಾ ವಿಚಿತ್ರವಾಗಿ ಆಡುತ್ತಿದ್ದರೆ, ಹಳೆಯ ಸೆಟ್ಟಿಂಗ್ಸ್ ಹೊಸದಕ್ಕೆ ಹೊಂದದಿದ್ದರೆ, ಆಗ ರಿಸೆಟ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಅಪ್‌ಡೇಟ್ ಗೆದ್ದ ಮೇಲೂ ಒಂದು ಸುತ್ತು ನೋಡಿಬಿಡಿ. ಮೋಷನ್ ಅಲರ್ಟ್, ರೆಕಾರ್ಡಿಂಗ್ ವೇಳಾಪಟ್ಟಿ ಮೊದಲಿನಂತೆ ಇವೆಯೇ? ಕ್ಯಾಮೆರಾಗಳ ವಿಡಿಯೊ ಒಂದೆಡೆ ರೆಕಾರ್ಡ್ ಮಾಡುವ ಎನ್‌ವಿಆರ್‌ಗೆ ಸೇರಿಸಿದ್ದರೆ ಅಲ್ಲಿ ಚಿತ್ರ ಬರುತ್ತಿದೆಯೇ? ಬೇರೆ ಕಂಪನಿಯ ಸಾಧನಗಳ ಜೊತೆ ಕ್ಯಾಮೆರಾ ಮಾತಾಡಲು ಬೇಕಾದ ಒನ್‌ವಿಫ್ ಸೌಲಭ್ಯವನ್ನು ಹೊಸ ಫರ್ಮ್‌ವೇರ್ ಒಮ್ಮೊಮ್ಮೆ ಆಫ್ ಮಾಡಿರುತ್ತದೆ, ಅದನ್ನು ಮತ್ತೆ ಆನ್ ಮಾಡಬೇಕು. ಬ್ರೌಸರ್‌ನಲ್ಲಿ ಕ್ಯಾಮೆರಾದ ಪುಟ ಚಿಂದಿಯಾಗಿ ಕಂಡರೆ ಬ್ರೌಸರ್ ಉಳಿಸಿಟ್ಟ ಹಳೆಯ ಪ್ರತಿಗಳನ್ನು, ಅಂದರೆ ಕ್ಯಾಶ್ ಅನ್ನು, ಅಳಿಸಿ. ಕಾರ್ಡ್ ವಾಪಸ್ ಹಾಕಿ, ಕ್ಯಾಮೆರಾ ಮುಂದೆ ಹೋಗಿ ಒಮ್ಮೆ ಕೈ ಬೀಸಿ. ಐದು ನಿಮಿಷ ಬಿಟ್ಟು ಪ್ಲೇಬ್ಯಾಕ್ ತೆರೆದು, ನೀವು ಕೈ ಬೀಸಿದ್ದು ಅಲ್ಲಿ ಸಿಗುತ್ತದೆಯೇ ನೋಡಿ. ಕತ್ತಲಾದ ಮೇಲೆ ಇನ್ನೊಮ್ಮೆ ನೋಡಿ.