ಕಿಡ್ನಿಯಲ್ಲಿ ಜಿಎಲ್‌ಪಿ-1 ರಿಸೆಪ್ಟರ್ ಹುಡುಕಿದ ಬಗೆ

ಊಟದ ನಂತರ ಕರುಳು ಸ್ರವಿಸುವ ಹಾರ್ಮೋನ್ ಜಿಎಲ್‌ಪಿ-1 ಕೊಟ್ಟರೆ ಮೂತ್ರದಲ್ಲಿ ಸೋಡಿಯಂ ಜಾಸ್ತಿ ಹೋಗುತ್ತದೆ. ಹಾಗಾಗಿ ಅದರ ರಿಸೆಪ್ಟರ್ (ಹಾರ್ಮೋನ್ ಅಂಟಿಕೊಳ್ಳುವ ಪ್ರೋಟೀನ್) ಸೋಡಿಯಂ ಹೆಚ್ಚಾಗಿ ಮರಳಿ ಹೀರುವ ಕೊಳವೆಯಾದ ಪ್ರಾಕ್ಸಿಮಲ್ ಟ್ಯೂಬ್ಯೂಲ್‌ನಲ್ಲೇ ಇರಬೇಕು ಅಂತ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ರಿಸೆಪ್ಟರ್ ಗುರುತಿಸಲು ಆಂಟಿಬಾಡಿ ಹಾಕಿದರೆ ಅಲ್ಲಿ ಕಂದು ಬಣ್ಣವೂ ಬರುತ್ತದೆ. ಮೋಸ ಹೋಗುವುದೇ ಅಲ್ಲಿ. ಕೂಲಂಕಷವಾಗಿ ಪರೀಕ್ಷಿಸಿದ ಮಾನೋಕ್ಲೋನಲ್ (ಒಂದೇ ಗುರಿಗೆಂದು ಮಾಡಿದ) ಆಂಟಿಬಾಡಿಯಿಂದ ಕೋತಿ ಮತ್ತು ಮನುಷ್ಯರ ಕಿಡ್ನಿ ನೋಡಿದ 2014ರ ಕೆಲಸದಲ್ಲಿ ರಿಸೆಪ್ಟರ್ ಸಿಕ್ಕಿದ್ದು ಆರ್ಟೀರಿಯೋಲ್‌ಗಳ (ಸಣ್ಣ ಅಪಧಮನಿಗಳ) ನಯ ಸ್ನಾಯುಕೋಶಗಳಲ್ಲಿ.

ಮೈಸೂರಿನ ಲ್ಯಾಬಿನಲ್ಲಿ ನಾವು ಬಳಸಿದ್ದು ಗಡ್ಡೆಗಾಗಿ ತೆಗೆದ ಮನುಷ್ಯರ ಕಿಡ್ನಿ, ಅದರಲ್ಲೂ ಗಡ್ಡೆಯಿಂದ ದೂರದ ಭಾಗ. ರೋಗಿಯ ಸಹಿ, ಎಥಿಕ್ಸ್ ಒಪ್ಪಿಗೆ ಎರಡೂ ಇದ್ದವು. 3 ಮಿ.ಮೀ. ದಪ್ಪದ ಚೂರುಗಳನ್ನು 10% ಬಫರ್ಡ್ ಫಾರ್ಮಲಿನ್‌ನಲ್ಲಿ 24 ಗಂಟೆ ಇಟ್ಟು, ಪ್ಯಾರಫಿನ್ ಬ್ಲಾಕ್ ಮಾಡಿ, 4 ಮೈಕ್ರಾನ್ ಸೆಕ್ಷನ್ ತೆಗೆದೆವು. ಸೆಕ್ಷನ್ ಗಟ್ಟಿಯಾಗಿ ಹಿಡಿಯುವ ಚಾರ್ಜ್ಡ್ ಸ್ಲೈಡೇ ಬೇಕು. ಸಾದಾ ಸ್ಲೈಡಾದರೆ ಕುದಿಯುವಾಗ ಸೆಕ್ಷನ್ ಎದ್ದು ತೇಲುತ್ತದೆ.

ಆಂಟಿಜೆನ್ ರಿಟ್ರೀವಲ್‌ಗೆ (ಫಾರ್ಮಲಿನ್ ಮುಚ್ಚಿಟ್ಟ ಗುರಿಯನ್ನು ಬಿಸಿಯಿಂದ ತೆರೆಯಲು) ಟ್ರಿಸ್-ಇಡಿಟಿಎ ಬಫರ್, ಪಿಎಚ್ 9. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಮೇಲಿದೆ, ತೆರೆದ ಪಾತ್ರೆಯಲ್ಲಿ ನೀರು 97-98 ಡಿಗ್ರಿಗೇ ಕುದಿಯುತ್ತದೆ. ಅದಕ್ಕೇ ಪ್ರೆಶರ್ ಕುಕ್ಕರ್: ಪೂರ್ತಿ ಪ್ರೆಶರ್ ಬಂದ ಮೇಲೆ 3 ನಿಮಿಷ. ಆಮೇಲೆ ಅರ್ಧ ಗಂಟೆ ಬಫರಿನಲ್ಲೇ ತಣಿಯಲು ಬಿಡಿ. ಅವಸರಕ್ಕೆ ಬಿಸಿ ಸ್ಲೈಡ್ ಎತ್ತಿದರೆ ಕ್ಷಣದಲ್ಲಿ ಒಣಗಿ, ಅಂಚೆಲ್ಲ ಕಂದಾಗುತ್ತದೆ. ಮಾರ್ಚ್-ಏಪ್ರಿಲ್ ಮಧ್ಯಾಹ್ನವಂತೂ ಒದ್ದೆ ಫಿಲ್ಟರ್ ಪೇಪರ್ ಹಾಸಿದ, ಮುಚ್ಚಳವಿರುವ ಡಬ್ಬಿಯಿಲ್ಲದೆ ಇನ್‌ಕ್ಯುಬೇಶನ್ ಮಾಡಲೇಬೇಡಿ.

ಅಂಗಾಂಶದ ಸ್ವಂತ ಪೆರಾಕ್ಸಿಡೇಸ್ ಸುಳ್ಳು ಬಣ್ಣ ಕೊಡದಂತೆ 3% ಹೈಡ್ರೋಜನ್ ಪೆರಾಕ್ಸೈಡ್ 10 ನಿಮಿಷ. ಇನ್ನು ಆಂಟಿಬಾಡಿಗೆ ಬಣ್ಣ ಬರಿಸಲು ಬಯೋಟಿನ್ ನೆಚ್ಚುವ ಅವಿಡಿನ್-ಬಯೋಟಿನ್ ಕಿಟ್ ಮುಟ್ಟಬೇಡಿ. ಟ್ಯೂಬ್ಯೂಲ್‌ಗಳಲ್ಲಿ ಸ್ವಂತ ಬಯೋಟಿನ್ ತುಂಬಿರುತ್ತದೆ, ಬಿಸಿ ಮಾಡಿದರೆ ಅದು ಇನ್ನೂ ತೆರೆದುಕೊಳ್ಳುತ್ತದೆ. ಆಂಟಿಬಾಡಿ ಹಾಕದ ಸ್ಲೈಡೂ ಮಂಡ್ಯದ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಬಯೋಟಿನ್ ಬೇಡದ ಪಾಲಿಮರ್ ಡಿಟೆಕ್ಷನ್ ಬಳಸಿ. ಕಂದು ಬಣ್ಣ ಕೊಡುವ ಡಿಎಬಿ 5 ನಿಮಿಷ, ನ್ಯೂಕ್ಲಿಯಸ್‌ಗೆ ನೀಲಿ ಕೊಡುವ ಹೆಮಟಾಕ್ಸಿಲಿನ್ ತೆಳುವಾಗಿ.

ಕಂಟ್ರೋಲ್ ವಿಷಯದಲ್ಲಿ ಜುಗ್ಗತನ ಸಲ್ಲ. ಈ ರಿಸೆಪ್ಟರ್ ಇದೆಯೆಂದು ಗೊತ್ತಿರುವ ಪ್ಯಾಂಕ್ರಿಯಾಸ್ ಐಲೆಟ್‌ಗಳು, ಡುವೋಡಿನಮ್‌ನ (ಸಣ್ಣ ಕರುಳಿನ ಮೊದಲ ಭಾಗದ) ಬ್ರನ್ನರ್ ಗ್ರಂಥಿಗಳು ಬಣ್ಣ ಹಿಡಿಯಲೇಬೇಕು. ಆಂಟಿಬಾಡಿ ತಯಾರಿಸಲು ಬಳಸಿದ ಪೆಪ್ಟೈಡನ್ನೇ ಅದಕ್ಕೆ ಬೆರೆಸಿದಾಗ ಬಣ್ಣ ಹೋಯಿತು ಅನ್ನುವುದು ಪುರಾವೆಯಲ್ಲ: ಬೇರೆ ಪ್ರೋಟೀನಿಗೆ ಅಂಟುವ ಆಂಟಿಬಾಡಿಯನ್ನೂ ಅದೇ ಪೆಪ್ಟೈಡ್ ತಡೆಯುತ್ತದೆ. ಪಕ್ಕದ ಸೆಕ್ಷನ್‌ಗೆ ನಯ ಸ್ನಾಯು ತೋರಿಸುವ ಸ್ಮೂತ್ ಮಸಲ್ ಆಕ್ಟಿನ್ ಆಂಟಿಬಾಡಿ ಹಾಕಿ, ಎರಡನ್ನೂ ಜೋಡಿಸಿ ನೋಡಿ. ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನ್) ರಿಸೆಪ್ಟರ್ ನಿಜಕ್ಕೂ ಪ್ರಾಕ್ಸಿಮಲ್ ಟ್ಯೂಬ್ಯೂಲಿನದು, ವಾಸೊಪ್ರೆಸಿನ್ ಹಾರ್ಮೋನಿನ ವಿ2 ರಿಸೆಪ್ಟರ್ ಮೂತ್ರ ಸೇರುವ ಕೊಳವೆ ಕಲೆಕ್ಟಿಂಗ್ ಡಕ್ಟಿನದು. ಹಾಗಾಗಿ ಕಿಡ್ನಿಯಲ್ಲಿ ಪ್ರತಿ ಹಾರ್ಮೋನಿನ ಲೆಕ್ಕವೂ ಬೇರೆಯೇ.

ಗ್ಲೊಮೆರುಲಸ್‌ನ (ರಕ್ತ ಸೋಸುವ ನಾಳಗಳ ಗೊಂಚಲಿನ) ಬಾಯಿಯಲ್ಲಿ, ಟ್ಯೂಬ್ಯೂಲ್ ಗೋಡೆಯ ಒತ್ತಾದ ಕೋಶಗಳಾದ ಮ್ಯಾಕ್ಯುಲಾ ಡೆನ್ಸಾ ಪಕ್ಕ, ಸಣ್ಣ ಕಂದು ಉಂಗುರ ಕಂಡರೆ ಅದೇ ಹುಡುಕುತ್ತಿರುವ ಆರ್ಟೀರಿಯೋಲ್. ಕತ್ತರಿಸಿದ ಕೋನ ಸರಿಬಾರದಿದ್ದರೆ ಇಡೀ ಸೆಕ್ಷನ್‌ನಲ್ಲಿ ಒಂದೆರಡೇ ಸಿಗಬಹುದು. ಬ್ಲಾಕಿಗೆ ಹತ್ತಾದರೂ ಸೆಕ್ಷನ್ ತೆಗೆಯಿರಿ.