ಎಂಜಿನಿಯರಿಂಗ್ ಕಾಲೇಜು ಪಕ್ಕದ ಫೌಂಡ್ರಿಗೆ ನೆರವಾಗುವುದು ಹೇಗೆ?

ಬೆಳಗಾವಿಯಿಂದ ಖಾನಾಪುರದ ಕಡೆ ಹೊರಟರೆ ಮೊದಲು ಉದ್ಯಮಬಾಗ ಸಿಗುತ್ತದೆ. ಫೌಂಡ್ರಿ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ), ಮಷಿನ್ ಶಾಪ್, ಹೈಡ್ರಾಲಿಕ್ ಬಿಡಿಭಾಗ ಮಾಡುವ ಘಟಕಗಳು ಒತ್ತೊತ್ತಾಗಿವೆ. ಅವುಗಳ ನಡುವೆಯೇ 1979ರಲ್ಲಿ ಶುರುವಾದ ಗೋಗಟೆ ಎಂಜಿನಿಯರಿಂಗ್ ಕಾಲೇಜು ಇದೆ. ಅದೇ ರಸ್ತೆಯಲ್ಲಿ ಮುಂದೆ ಹೋದರೆ ಮಚ್ಛೆ. ಅಲ್ಲೂ ಒಂದು ಕೈಗಾರಿಕಾ ಪ್ರದೇಶ, ಅಲ್ಲೇ 1998ರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಓದು ಮತ್ತು ಉದ್ಯೋಗ ಇಷ್ಟು ಹತ್ತಿರ ಇರುವ ಊರು ರಾಜ್ಯದಲ್ಲಿ ಜಾಸ್ತಿ ಇಲ್ಲ.

ಆದರೂ ಇಪ್ಪತ್ತು ಜನರ ಘಟಕ ನಡೆಸುವವರಿಗೆ ಕಾಲೇಜಿನ ಗೇಟು ದೂರವೇ. ಇದು ಬೆಳಗಾವಿಯೊಂದರ ಕತೆ ಅಲ್ಲ, ಪೀಣ್ಯದಲ್ಲೂ ಹುಬ್ಬಳ್ಳಿಯಲ್ಲೂ ಇದೇ. ಒಳಗೆ ಹೋಗಿ ಯಾರನ್ನು ಕೇಳಬೇಕು ಅನ್ನುವುದೇ ಗೊತ್ತಿರುವುದಿಲ್ಲ.

ಕೃಷಿಯಲ್ಲಿ ಹೀಗಿಲ್ಲ ನೋಡಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯ 1986ರಿಂದ ಇದೆ. ಅದಕ್ಕೆ ವಿಸ್ತರಣೆ ಅಂತಲೇ ಒಂದು ವಿಭಾಗ. ಬೆಳೆಗೆ ರೋಗ ಬಂದರೆ ವಿಜ್ಞಾನಿಗಳು ಹೊಲಕ್ಕೆ ಬರುತ್ತಾರೆ, ರೈತರು ಕೃಷಿ ಮೇಳಕ್ಕೆ ಹೋಗುತ್ತಾರೆ. 1974ರಲ್ಲಿ ಪುದುಚೇರಿಯಲ್ಲಿ ಮೊದಲ ಕೃಷಿ ವಿಜ್ಞಾನ ಕೇಂದ್ರ ಬಂತು, ಈಗ ದೇಶದಲ್ಲಿ 700ಕ್ಕೂ ಹೆಚ್ಚು ಇವೆ. ಎರಕದ ಕೆಲಸ ಮಾಡುವವರಿಗೆ ಅಂಥದ್ದೊಂದು ಏರ್ಪಾಟು ಯಾಕಿರಬಾರದು? ಹೊಸ ಕಟ್ಟಡ ಬೇಕಿಲ್ಲ. ಒಂದು ಕಾಲೇಜು ಮನಸ್ಸು ಮಾಡಿದರೆ ಒಂದೇ ವರ್ಷದಲ್ಲಿ ಶುರು ಮಾಡಬಹುದು. ಹೇಗೆ ಅಂತ ನೋಡೋಣ.

ಮೊದಲು ಒಬ್ಬರನ್ನು ಆರಿಸಿ

ಸಮಿತಿ ಬೇಡ. ಒಬ್ಬ ಅಧ್ಯಾಪಕ ಅಥವಾ ಅಧ್ಯಾಪಕಿ, ಒಂದು ಮೊಬೈಲ್ ನಂಬರ್ ಸಾಕು. ಯಂತ್ರದ ಸದ್ದಿನ ನಡುವೆ ನಿಂತು ಮಾತಾಡಲು ಬೇಜಾರಿಲ್ಲದವರು ಆಗಿರಬೇಕು. ವಾರದಲ್ಲಿ ಆರು ಗಂಟೆ ಪಾಠ ಕಡಿಮೆ ಕೊಟ್ಟು ಆ ಸಮಯ ಹೊರಗೆ ಓಡಾಡಲು ಬಿಡಿ. ಪಾಠ ಕಡಿಮೆ ಮಾಡದೆ ‘ಇದನ್ನೂ ನೋಡಿಕೊಳ್ಳಿ’ ಅಂದರೆ ಎರಡು ತಿಂಗಳಲ್ಲಿ ಎಲ್ಲ ನಿಂತುಹೋಗುತ್ತದೆ. ಈ ಕೆಲಸವನ್ನು ಪ್ಲೇಸ್‌ಮೆಂಟ್ ಅಧಿಕಾರಿಯ ತಲೆಗೂ ಕಟ್ಟಬೇಡಿ. ಅವರು ಹೋದರೆ ಮಾತು ‘ನಿಮಗೆಷ್ಟು ಜನ ಬೇಕು’ ಎಂಬಲ್ಲಿಂದ ಶುರುವಾಗುತ್ತದೆ. ಮಾಲೀಕರು ‘ಸದ್ಯಕ್ಕೆ ಬೇಡ’ ಅನ್ನುತ್ತಾರೆ. ಮುಗಿಯಿತು.

ಹೋಗುವಾಗ ತಿಂಗಳ ಕೊನೆಯ ವಾರ ಬೇಡ, ಡಿಸ್ಪ್ಯಾಚ್ ಗಡಿಬಿಡಿ ಇರುತ್ತದೆ. ಬ್ರೋಷರ್ ಕೂಡ ಬೇಡ. ಮೂರು ಪ್ರಶ್ನೆ ಕೇಳಿದರೆ ಸಾಕು. ಕಳೆದ ತಿಂಗಳು ರಿಜೆಕ್ಷನ್, ಅಂದರೆ ಕೆಟ್ಟು ಬದಿಗಿಟ್ಟ ಮಾಲು ಎಷ್ಟು? ಬಂದ ಯಾವ ಆರ್ಡರ್ ನಿಮ್ಮ ಕೈಲಿ ಆಗದೆ ಬಿಟ್ಟಿರಿ? ನಾಳೆ ಯಾರು ಕೆಲಸ ಬಿಟ್ಟರೆ ನಿಮಗೆ ನಿದ್ದೆ ಬರುವುದಿಲ್ಲ? ಮೂರನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಆ ಘಟಕಕ್ಕೆ ಯಾವ ತರಬೇತಿ ಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಸಣ್ಣ ಸಮಸ್ಯೆ ಹಿಡಿಯಿರಿ

ಇಲ್ಲೇ ಹೆಚ್ಚಿನ ಕಾಲೇಜುಗಳು ಎಡವುವುದು. ಮೊದಲ ದಿನವೇ ‘ಸ್ಮಾರ್ಟ್ ಫ್ಯಾಕ್ಟರಿ’ ಮಾಡಲು ಹೊರಡುತ್ತಾರೆ. ಅದು ಬೇಡ. ಎಂಟು-ಹತ್ತು ವಾರದಲ್ಲಿ ಮುಗಿಯುವ, ಮಾಲೀಕರು ರೂಪಾಯಿಯಲ್ಲಿ ಅಳೆಯಬಹುದಾದ ಒಂದು ತೊಂದರೆ ಆರಿಸಿಕೊಳ್ಳಿ.

ಒಂದು ಫೌಂಡ್ರಿ ಇದೆ ಅಂದುಕೊಳ್ಳಿ. ಎರಕ ಹೊಯ್ದು, ಅಚ್ಚು ಒಡೆದು, ಮಷಿನಿಂಗ್‌ಗೆ ಹಾಕಿದಾಗ ಒಳಗೆ ಗಾಳಿಗುಳ್ಳೆ ಕಾಣುತ್ತದೆ. ಬ್ಲೋ ಹೋಲ್ ಅನ್ನುತ್ತಾರಲ್ಲ, ಅದು. ಲೋಹ, ಕರೆಂಟು, ಕೂಲಿ, ಮಷಿನ್ ಸಮಯ ಎಲ್ಲ ಸುರಿದ ಮೇಲೆ ಮಾಲು ಮತ್ತೆ ಭಟ್ಟಿಗೆ. ಕಾರಣ ಏನು ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಅಚ್ಚು ಮಾಡುವ ಮೋಲ್ಡರ್ ತಪ್ಪನ್ನು ಲೋಹದ ಮೇಲೆ ಹಾಕುತ್ತಾನೆ, ಲೋಹ ಕರಗಿಸುವ ಮೆಲ್ಟರ್ ಮಣ್ಣಿನ ಮೇಲೆ ಹಾಕುತ್ತಾನೆ.

ಇಲ್ಲಿ ಇಬ್ಬರು ವಿದ್ಯಾರ್ಥಿಗಳು ಏನು ಮಾಡಬಹುದು? ಪ್ರತಿ ಪಾಳಿಯಲ್ಲಿ ಎರಡು ಗಂಟೆಗೊಮ್ಮೆ ಅಚ್ಚಿನ ಮಣ್ಣಿನ ಸ್ಯಾಂಪಲ್ ತೆಗೆಯಬೇಕು. ತೇವ ಎಷ್ಟು, ಗಾಳಿ ಹಾಯುವ ಗುಣ ಎಷ್ಟು, ಗಟ್ಟಿತನ ಎಷ್ಟು ಅಂತ ನೋಡಿ ಬರೆದಿಡಬೇಕು. ಹಸಿ ಮಣ್ಣಿನ ಅಚ್ಚಿನಲ್ಲಿ ತೇವ ಸಾಮಾನ್ಯವಾಗಿ ನೂರಕ್ಕೆ 3ರಿಂದ 5ರ ಆಸುಪಾಸು ಇರುತ್ತದೆ. ಅದು ಮಿತಿ ಮೀರಿದರೆ ಬಿಸಿ ಲೋಹ ತಗುಲಿದ ಕೂಡಲೇ ಆವಿಯಾಗುತ್ತದೆ. ಆವಿ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಲೋಹದೊಳಗೆ ಗುಳ್ಳೆಯಾಗಿ ಕೂರುತ್ತದೆ. ಜೊತೆಗೆ ಯಾವ ಹೀಟ್‌ನ (ಭಟ್ಟಿಯಲ್ಲಿ ಒಂದು ಸಲ ಕರಗಿಸಿದ ಲೋಹದ) ಮಾಲು, ಯಾವ ಪಾಳಿ, ಲೋಹ ಹೊಯ್ದಾಗ ಎಷ್ಟು ಬಿಸಿ, ಎಷ್ಟು ರಿಜೆಕ್ಟ್ ಆಯಿತು ಅನ್ನುವುದನ್ನೂ ಅದೇ ಹಾಳೆಯಲ್ಲಿ ಬರೆಯಬೇಕು.

ಮೂರು ವಾರ ಹೀಗೆ ಬರೆದರೆ ಚಿತ್ರ ಮೂಡತೊಡಗುತ್ತದೆ. ಬಳಸಿದ ಮಣ್ಣು ತಣ್ಣಗಾಗುವ ಮೊದಲೇ ಎರಡನೇ ಪಾಳಿಯವರು ಮತ್ತೆ ಮಣ್ಣು ಕಲಸುವ ಮಿಲ್ಲಿಗೆ ಹಾಕುತ್ತಿರಬಹುದು. ಮಳೆಗಾಲದಲ್ಲಿ ಕೋರ್‌ಗಳನ್ನು (ಎರಕದ ಒಳಗೆ ಟೊಳ್ಳು ಬರಲು ಅಚ್ಚಿನಲ್ಲಿ ಇಡುವ ಮಣ್ಣಿನ ತುಂಡು) ಬಾಗಿಲ ಬಳಿ ಇಟ್ಟು ತೇವ ಹಿಡಿದಿರಬಹುದು. ಬೆಳಗಾವಿಯ ಮಳೆ ಗೊತ್ತಲ್ಲ! ಇಂಥದ್ದಕ್ಕೆ ಪಿಎಚ್.ಡಿ. ಬೇಕಾಗಿಲ್ಲ. ಆದರೆ ದಿನವಿಡೀ ಆರ್ಡರ್ ಹಿಂದೆ ಓಡುವವರಿಗೆ ಕೂತು ಬರೆದು ಲೆಕ್ಕ ಹಾಕುವಷ್ಟು ಪುರಸೊತ್ತು ಇರುವುದಿಲ್ಲ. ಮಣ್ಣು ಪರೀಕ್ಷೆಯ ಉಪಕರಣಗಳು ಮೆಕ್ಯಾನಿಕಲ್ ವಿಭಾಗದ ಫೌಂಡ್ರಿ ಲ್ಯಾಬಿನಲ್ಲಿ ಇದ್ದೇ ಇರುತ್ತವೆ. ಲ್ಯಾಬ್ ಪರೀಕ್ಷೆ ಬಂದಾಗ ಮಾತ್ರ ಅವುಗಳ ಧೂಳು ಒರೆಸುತ್ತಾರೆ, ಅಷ್ಟೆ.

ಇನ್ನೊಂದು ಒಳ್ಳೆಯ ಸಮಸ್ಯೆ ಕರೆಂಟ್ ಬಿಲ್. ಇಂಡಕ್ಷನ್ ಫರ್ನೇಸ್‌ನಲ್ಲಿ ಒಂದು ಟನ್ ಕರಗಿಸಲು ಎಷ್ಟು ಯೂನಿಟ್ ಹೋಗುತ್ತದೆ ಅಂತ ಹೀಟ್ ಲೆಕ್ಕದಲ್ಲಿ ಬರೆದಿಡಿ. ಮುಚ್ಚಳ ತೆರೆದಿಟ್ಟದ್ದಕ್ಕೆ, ಅಚ್ಚು ತಯಾರಾಗಲಿ ಅಂತ ಕರಗಿದ ಲೋಹವನ್ನು ಕಾಯಿಸುತ್ತ ನಿಲ್ಲಿಸಿದ್ದಕ್ಕೆ ಎಷ್ಟು ಹಣ ಹೋಯಿತು ಅನ್ನುವುದು ಆ ಕಾಗದದಲ್ಲೇ ಕಾಣುತ್ತದೆ.

ಒಂದು ಪುಟದ ಒಪ್ಪಂದ

ದೊಡ್ಡ ಎಂಒಯು, ಶಾಲು, ಹಾರ, ಫೋಟೊ ಎಲ್ಲ ಆಮೇಲೆ. ಮೊದಲಿಗೆ ಒಂದು ಪುಟದ ಪತ್ರ ಸಾಕು. ಅದರಲ್ಲಿ ಇಷ್ಟಿರಲಿ: ಯಾವ ಸಮಸ್ಯೆ, ಎಷ್ಟು ವಾರ, ಯಾರು ಬರುತ್ತಾರೆ, ಪರೀಕ್ಷೆಗಳ ಖರ್ಚು ಯಾರದು, ವಿಮೆ ಯಾರು ಮಾಡಿಸುತ್ತಾರೆ. ಒಂದು ವಿಷಯ ಮಾತ್ರ ಕಡ್ಡಾಯ. ಡ್ರಾಯಿಂಗ್ ಬಹಳ ಸಲ ಘಟಕದ್ದಲ್ಲ, ಅವರ ಗ್ರಾಹಕ ಕಂಪನಿಯದ್ದು. ಅದನ್ನು ವಿದ್ಯಾರ್ಥಿಯ ಪ್ರಾಜೆಕ್ಟ್ ರಿಪೋರ್ಟಿಗೆ ಹಾಕುವಂತಿಲ್ಲ, ಮೊಬೈಲಿನಲ್ಲಿ ಫೋಟೊ ತೆಗೆಯುವಂತಿಲ್ಲ. ಇದನ್ನು ಕಾಲೇಜೇ ಮೊದಲು ಹೇಳಿಬಿಟ್ಟರೆ ಮಾಲೀಕರ ಅರ್ಧ ಹಿಂಜರಿಕೆ ಅಲ್ಲೇ ಹೋಗುತ್ತದೆ.

ಸೇಫ್ಟಿ ಶೂ, ಕನ್ನಡಕ, ಹತ್ತಿ ಬಟ್ಟೆ ಇಲ್ಲದೆ ಯಾರನ್ನೂ ಭಟ್ಟಿಯ ಹತ್ತಿರ ಬಿಡಬೇಡಿ. ಮೊದಲ ವಾರ ವಿದ್ಯಾರ್ಥಿ ಲ್ಯಾಪ್‌ಟಾಪ್ ತೆಗೆಯಲೇಬಾರದು. ಮೋಲ್ಡರ್ ಪಕ್ಕ ನಿಂತು ನೋಡಲಿ, ಕೇಳಲಿ. ಇಂಟರ್ನ್‌ಷಿಪ್ ಸರ್ಟಿಫಿಕೇಟ್ ಇಂಟರ್ನೆಟ್‌ನಲ್ಲಿ ದುಡ್ಡು ಕೊಟ್ಟರೂ ಸಿಗುವ ಕಾಲ ಇದು. ಆ ಕಾಗದಕ್ಕೂ ಹತ್ತು ವಾರ ಫೌಂಡ್ರಿಯಲ್ಲಿ ಮಸಿ ಹಿಡಿಸಿಕೊಂಡದ್ದಕ್ಕೂ ಒಂದೇ ಅಂಕ ಕೊಟ್ಟರೆ ಮಕ್ಕಳು ಯಾವುದನ್ನು ಆರಿಸುತ್ತಾರೆ, ನೀವೇ ಹೇಳಿ.

ಕಾರ್ಮಿಕರಿಗೆ ತರಬೇತಿ

ಕಾಲೇಜುಗಳು ತರಬೇತಿ ಅಂದಕೂಡಲೇ ಎಸಿ ಸಭಾಂಗಣ, ಎರಡು ದಿನದ ಕಾರ್ಯಾಗಾರ, ಪ್ರಮಾಣಪತ್ರ ಅಂತ ಯೋಚಿಸುತ್ತವೆ. ಹತ್ತು ಜನರ ಘಟಕದಿಂದ ಇಬ್ಬರು ಎರಡು ದಿನ ಇಲ್ಲದಿದ್ದರೆ ಐದರಲ್ಲಿ ಒಂದು ಪಾಲು ಕೆಲಸ ನಿಂತಂತೆ. ಹಾಗಾಗಿ ಪಾಳಿ ಬದಲಾಗುವ ಹೊತ್ತಿಗೆ, ಘಟಕದಲ್ಲೇ, ಮುಕ್ಕಾಲು ಗಂಟೆಯ ಪಾಠ ಮಾಡಿ. ವಾರಕ್ಕೆ ಎರಡು ಸಲ. ಡ್ರಾಯಿಂಗ್ ಓದುವುದು, ವರ್ನಿಯರ್ ಮತ್ತು ಮೈಕ್ರೋಮೀಟರ್ ಸರಿಯಾಗಿ ಹಿಡಿಯುವುದು, ಲೋಹದಲ್ಲಿ ಏನೇನು ಎಷ್ಟಿದೆ ಅಂತ ತೋರಿಸುವ ಸ್ಪೆಕ್ಟ್ರೋಮೀಟರ್ ಕೊಟ್ಟ ಅಂಕಿ ಅರ್ಥ ಮಾಡಿಕೊಳ್ಳುವುದು, ಎಕ್ಸೆಲ್‌ನಲ್ಲಿ ದಿನದ ರಿಜೆಕ್ಷನ್ ತುಂಬುವುದು. ಬೇಡಿಕೆ ಬರುವುದು ಇಂಥವಕ್ಕೇ. ಬೆಳಗಾವಿಯಲ್ಲಾದರೆ ಕನ್ನಡ, ಮರಾಠಿ ಎರಡರಲ್ಲೂ ಹೇಳಿಕೊಡಿ. ಹೊರ ರಾಜ್ಯದ ಕಾರ್ಮಿಕರಿದ್ದರೆ ಹಿಂದಿಯೂ ಬೇಕಾಗುತ್ತದೆ. ಪಿಪಿಟಿ ಇಂಗ್ಲಿಷ್‌ನಲ್ಲಿದ್ದರೆ ಅದನ್ನು ಕಾಲೇಜಿನಲ್ಲೇ ಬಿಟ್ಟು ಬನ್ನಿ.

‘ಕಲಿಸಿದ್ರ ಬಿಟ್ಟು ಹೋಗ್ತಾರ್ರೀ ಸರ’ ಅನ್ನುವ ಮಾತು ಖಂಡಿತ ಬರುತ್ತದೆ. ಅದರಲ್ಲಿ ಸತ್ಯವೂ ಇದೆ. ಒಂದಿಬ್ಬರು ಹೋಗೇ ಹೋಗುತ್ತಾರೆ. ಇದಕ್ಕೆ ನನಗೆ ಕಾಣುವ ದಾರಿ, ಒಂದು ಘಟಕಕ್ಕೆ ಬದಲು ಅಕ್ಕಪಕ್ಕದ ಆರೇಳು ಘಟಕಗಳಿಗೆ ಒಟ್ಟಿಗೆ ಕಲಿಸುವುದು. ಆಗ ಒಬ್ಬ ಇಲ್ಲಿಂದ ಹೋದರೆ ಅಲ್ಲಿಂದ ಕಲಿತ ಇನ್ನೊಬ್ಬ ಸಿಗುತ್ತಾನೆ.

ಕಲಿಕೆ ಒಂದೇ ದಿಕ್ಕಿಗೆ ಹರಿಯಬೇಕಾಗಿಲ್ಲ. ಯುಜಿಸಿ 2022ರಲ್ಲಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಮಾರ್ಗಸೂಚಿ ಹೊರಡಿಸಿತು. ತಮ್ಮ ಕ್ಷೇತ್ರದಲ್ಲಿ ಕನಿಷ್ಠ 15 ವರ್ಷ ಅನುಭವ ಇದ್ದು ಹೆಸರು ಮಾಡಿದವರನ್ನು, ಡಾಕ್ಟರೇಟ್ ಇಲ್ಲದಿದ್ದರೂ, ಪಾಠಕ್ಕೆ ಕರೆಯಬಹುದು. ಮಂಜೂರಾದ ಹುದ್ದೆಗಳ ಶೇ 10ರವರೆಗೆ ಹೀಗೆ ತುಂಬಲು ಅವಕಾಶ ಇದೆ. ಈ ಜಾಗಕ್ಕೆ ದೊಡ್ಡ ಕಂಪನಿಯ ನಿವೃತ್ತ ಉಪಾಧ್ಯಕ್ಷರೇ ಬೇಕು ಅಂತೇನಿಲ್ಲ. ಮೂವತ್ತು ವರ್ಷ ಫೌಂಡ್ರಿ ನಡೆಸಿದ ಊರಿನವರೇ ಇದ್ದಾರೆ, ಮೊದಲು ಅವರನ್ನು ಕೇಳಿ.

ಅಪ್ರೆಂಟಿಸ್: ಕಾಗದದ ಕೆಲಸ ಕಾಲೇಜೇ ಮಾಡಲಿ

ಪದವೀಧರರನ್ನು ಒಳಗೆ ಕರೆತರಲು ಸುಲಭದ ಬಾಗಿಲು 1961ರ ಅಪ್ರೆಂಟಿಸ್ ಕಾಯ್ದೆ. 2019ರ ತಿದ್ದುಪಡಿಯ ನಂತರ ನಿಯಮ ಹೀಗಿದೆ: ಗುತ್ತಿಗೆಯವರೂ ಸೇರಿ 30 ಅಥವಾ ಹೆಚ್ಚು ಜನ ಇದ್ದರೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ, ಒಟ್ಟು ಬಲದ ಶೇ 2.5ರಿಂದ ಶೇ 15ರವರೆಗೆ. 4ರಿಂದ 29 ಜನ ಇದ್ದರೆ ಇಷ್ಟವಿದ್ದರೆ ತೆಗೆದುಕೊಳ್ಳಬಹುದು. ಆ ನಿಯಮದಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ, ಡಿಪ್ಲೊಮಾದವರಿಗೆ 8,000 ಅಂತ ನಿಗದಿ ಆಗಿತ್ತು. ಸೇರಿಸಿಕೊಳ್ಳುವ ಮೊದಲು ಈಗಿನ ದರ ಸರ್ಕಾರದ ಅಪ್ರೆಂಟಿಸ್‌ಷಿಪ್ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ರಾಷ್ಟ್ರೀಯ ಅಪ್ರೆಂಟಿಸ್‌ಷಿಪ್ ತರಬೇತಿ ಯೋಜನೆ, ಅಂದರೆ ನ್ಯಾಟ್ಸ್ ಅಡಿಯಲ್ಲಿ ಕನಿಷ್ಠ ಸ್ಟೈಪೆಂಡ್‌ನ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ದಕ್ಷಿಣದ ರಾಜ್ಯಗಳಿಗೆ ಇದರ ಕಚೇರಿ ಚೆನ್ನೈಯಲ್ಲಿದೆ.

ಇಷ್ಟೆಲ್ಲ ಇದ್ದರೂ ಸಣ್ಣ ಘಟಕಗಳು ಯಾಕೆ ಬಳಸುವುದಿಲ್ಲ? ಪೋರ್ಟಲ್, ಲಾಗಿನ್, ಒಪ್ಪಂದ ಪತ್ರ, ಪ್ರತಿ ತಿಂಗಳ ದಾಖಲೆ. ಇದನ್ನೆಲ್ಲ ಮಾಡಲು ಅಲ್ಲಿ ಎಚ್.ಆರ್. ಅಂತ ಯಾರೂ ಇಲ್ಲ. ಮಾಲೀಕರ ಮನೆಯವರೋ ಲೆಕ್ಕ ಬರೆಯುವವರೋ ಸಂಜೆ ಕೂತು ಮಾಡಬೇಕು. ಈ ಕೆಲಸವನ್ನು ಕಾಲೇಜಿನ ಒಬ್ಬ ಗುಮಾಸ್ತರು ಇಪ್ಪತ್ತು ಘಟಕಗಳಿಗೆ ಮಾಡಿಕೊಟ್ಟರೆ ಅದೇ ದೊಡ್ಡ ಉಪಕಾರ. ಯಾವ ಸೆಮಿನಾರೂ ಇದಕ್ಕೆ ಸಮ ಅಲ್ಲ.

ಎಂಜಿನಿಯರಿಂಗ್ ಮಕ್ಕಳಷ್ಟೇ ಸಾಲದು. 2010ರಲ್ಲಿ ಶುರುವಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೂ ಬೆಳಗಾವಿಯಲ್ಲೇ ಇದೆ. ಬಿ.ಕಾಂ., ಎಂಬಿಎ ವಿದ್ಯಾರ್ಥಿಗಳು ಮಾಡುವ ಕೆಲಸ ಬೇಕಾದಷ್ಟಿದೆ. 2006ರ ಎಂಎಸ್ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ಸಣ್ಣ ಘಟಕದಿಂದ ಮಾಲು ಪಡೆದವರು 45 ದಿನ ದಾಟದಂತೆ ಹಣ ಕೊಡಬೇಕು, ತಪ್ಪಿದರೆ ಬಡ್ಡಿ. ಯಾವ ಬಿಲ್ಲು ಎಷ್ಟು ದಿನದಿಂದ ಬಾಕಿ ಅನ್ನುವ ಒಂದು ಶೀಟು ಮಾಡಿಕೊಟ್ಟು ವಾರಕ್ಕೊಮ್ಮೆ ನೆನಪಿನ ಪತ್ರ ಕಳಿಸಿದರೂ ಕೈಗೆ ಬರುವ ಹಣ ಬೇಗ ಬರುತ್ತದೆ.

ಕೆಲಸಕ್ಕೆ ಸೇರಿದವರು ಉಳಿಯಬೇಕಲ್ಲ?

ಕಷ್ಟದ ಪ್ರಶ್ನೆ ಇದು. ಬೆಂಗಳೂರು-ಪುಣೆ ಹೆದ್ದಾರಿಯ ಮೇಲೇ ಬೆಳಗಾವಿ ಇದೆ. ಎರಡೂ ಕಡೆ ಸಂಬಳ ಜಾಸ್ತಿ. ಊರಿನ ಅಭಿಮಾನ ಹೇಳಿ ಯಾರನ್ನೂ ಹಿಡಿದಿಡಲು ಆಗುವುದಿಲ್ಲ. ಹಾಗಾಗಿ ಎಲ್ಲರ ಹಿಂದೆ ಬೀಳಬೇಡಿ. ಊರಲ್ಲೇ ಇರಬೇಕಾದ ಕಾರಣ ಇರುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ವಯಸ್ಸಾದ ತಂದೆ-ತಾಯಿ, ಹೊಲ, ಮನೆಯ ಅಂಗಡಿ. ಅವರನ್ನು ಮೂರನೇ ವರ್ಷದಲ್ಲೇ ಗುರುತಿಸಿ ಘಟಕಗಳ ಪರಿಚಯ ಮಾಡಿಸಿ. ಹೆಣ್ಣುಮಕ್ಕಳನ್ನು ‘ಫೌಂಡ್ರಿ ಬೇಡಮ್ಮ’ ಅಂತ ಬದಿಗೆ ಸರಿಸುವ ಅಭ್ಯಾಸವೂ ಬಿಡಬೇಕು. ಕ್ವಾಲಿಟಿ ಲ್ಯಾಬ್, ಡಿಸೈನ್, ಎರಕದ ಸಿಮ್ಯುಲೇಷನ್, ಪ್ಲ್ಯಾನಿಂಗ್‌ಗೆ ಜನ ಬೇಕು. ಕೈಗಾರಿಕಾ ಪ್ರದೇಶಕ್ಕೆ ಸಂಜೆ ಬಸ್ಸು, ಘಟಕದಲ್ಲಿ ಸರಿಯಾದ ಶೌಚಾಲಯ ಇದೆಯಾ ಅಂತ ಮೊದಲ ಭೇಟಿಯಲ್ಲೇ ನೋಡಿ ಬನ್ನಿ.

ಮಾಲೀಕರಿಗೂ ಒಂದು ಮಾತು ಹೇಳಬೇಕು. ಎಂಜಿನಿಯರ್ ಬೇಕು, ಸಂಬಳ ಹೆಲ್ಪರ್‌ದು ಅಂದರೆ ನಡೆಯುವುದಿಲ್ಲ. ಅಪ್ರೆಂಟಿಸ್ ವರ್ಷ ಮುಗಿದ ಮೇಲೆ ಎಷ್ಟು ಕೊಡುತ್ತೀರಿ, ಎರಡು ವರ್ಷದ ನಂತರ ಎಷ್ಟು ಅಂತ ಬರೆದು ಕೊಡಿ. ಬರೆದು ಕೊಡಲಾಗದ ಘಟಕಕ್ಕೆ ಕಾಲೇಜು ಮಕ್ಕಳನ್ನು ಕಳಿಸದಿದ್ದರೂ ತಪ್ಪಿಲ್ಲ.

ಖರ್ಚು, ಲೆಕ್ಕ

ಬ್ರಿಟನ್ನಿನಲ್ಲಿ ಇಂಥ ಯೋಜನೆ 1975ರಿಂದ ನಡೆಯುತ್ತಿದೆ. ಪದವೀಧರ ಕಂಪನಿಯಲ್ಲಿ ಕೂತು ಒಂದು ಕೆಲಸ ಮಾಡುತ್ತಾನೆ, ವಿಶ್ವವಿದ್ಯಾಲಯದವರು ದಾರಿ ತೋರುತ್ತಾರೆ, ಸರ್ಕಾರ ಒಂದು ಭಾಗ ಹಣ ಕೊಡುತ್ತದೆ, ಕಂಪನಿಯೂ ಕೊಡುತ್ತದೆ. ನಮ್ಮಲ್ಲೂ ಮಾಲೀಕರು ಸ್ವಲ್ಪವಾದರೂ ಕೈಯಿಂದ ಹಾಕಲಿ. ವಿದ್ಯಾರ್ಥಿಗಳ ಊಟ, ಓಡಾಟ, ಪರೀಕ್ಷೆಯ ಸಾಮಗ್ರಿಯ ಖರ್ಚು ಕೊಟ್ಟರೆ ಮೊದಲ ವರ್ಷಕ್ಕೆ ಸಾಕು. ಮಣ್ಣು ಪರೀಕ್ಷೆಯ ಹಾಳೆಯಿಂದ ಶುರುವಾದದ್ದು ಇಡೀ ಘಟಕದ ಸುಧಾರಣೆಗೆ ಬೆಳೆದರೆ ಸಣ್ಣ ಘಟಕಗಳಲ್ಲಿ ಪೋಲು ಕಡಿಮೆ ಮಾಡಲು ನೆರವಾಗುವ ಕೇಂದ್ರದ ಎಂಎಸ್ಎಂಇ ಲೀನ್ ಯೋಜನೆ ಇದೆ. 2023ರಲ್ಲಿ ಹೊಸ ರೂಪದಲ್ಲಿ ಬಂದ ಇದರಲ್ಲಿ ಸಲಹೆಗಾರರ ವೆಚ್ಚದ ಶೇ 90ರಷ್ಟನ್ನು ಸರ್ಕಾರ ಕೊಡುತ್ತದೆ. ಅರ್ಜಿ ತುಂಬಲು ಅದೇ ಗುಮಾಸ್ತರು ನೆರವಾಗಬಹುದು.

ವರ್ಷದ ಕೊನೆಗೆ ಲೆಕ್ಕ ಕೇಳುವಾಗ ಪ್ರಾಂಶುಪಾಲರು ಎಂಒಯು ಎಷ್ಟಾಯಿತು ಅಂತ ಕೇಳಬಾರದು. ಎಷ್ಟು ಸಮಸ್ಯೆ ಮುಗಿಯಿತು, ರಿಜೆಕ್ಷನ್ ಎಷ್ಟರಿಂದ ಎಷ್ಟಕ್ಕೆ ಇಳಿಯಿತು, ಕಳೆದ ವರ್ಷದ ಅಪ್ರೆಂಟಿಸ್‌ಗಳಲ್ಲಿ ಎಷ್ಟು ಜನ ಅಲ್ಲೇ ಕೆಲಸಕ್ಕೆ ಉಳಿದರು, ಎಷ್ಟು ಮಾಲೀಕರು ಎರಡನೇ ಸಲ ತಾವೇ ಫೋನ್ ಮಾಡಿದರು ಅಂತ ಕೇಳಲಿ. ಕೊನೆಯ ಅಂಕಿ ಸೊನ್ನೆ ಆಗಿದ್ದರೆ ಮುಂದಿನ ವರ್ಷ ಬೇರೆ ಅಧ್ಯಾಪಕರನ್ನು ಹುಡುಕಬೇಕು.